ಗಾಣದ ಮಡಿ

ಶಾಮಲಮ್ಮನ ಕಾಲು ಒತ್ತಿದರೆ ಬೆರಳು ಇಳಿದ ಗುಳಿ ಹಾಗೆಯೇ ಉಳಿಯುತ್ತಿತ್ತು. ನನ್ನ ನಾದಿನಿ ಚೊಚ್ಚಲ ಹೆರಿಗೆಗೆಂದು ಗೌನಿಪಲ್ಲಿಗೆ, ತವರಿಗೆ ಬಂದಿದ್ದಳು. ಬಂದಾಗ ಚೆನ್ನಾಗಿದ್ದವಳು ಈಗ ನಡುಮನೆಯಿಂದ ಹಿತ್ತಿಲಿಗೆ ಹೋಗುವಷ್ಟರಲ್ಲಿ ಉಸಿರು ಸಾಲದೆ ಕಂಬ ಹಿಡಿದು ನಿಲ್ಲುತ್ತಿದ್ದಳು. ಬಸುರಿಯ ಕಾಲು ಊದುವುದೇ ಎಂದು ಅತ್ತೆ ವೆಂಕಟರತ್ನಮ್ಮ ಹೇಳಿದರು. ಅತ್ತೆಯ ಕಾಲೂ ಊದಿತ್ತು. ಮಾವನವರ ಪಾದದ ಮೇಲೆ ಚಪ್ಪಲಿಯ ಪಟ್ಟಿ ಕೊರೆದ ಗುರುತು ಸಂಜೆಯವರೆಗೂ ಹೋಗುತ್ತಿರಲಿಲ್ಲ. ಅವರಿಬ್ಬರೂ ಬಸುರಿಯರಲ್ಲ ಎಂದು ನಾನು ಹೇಳಲಿಲ್ಲ.

ಊದದೆ ಇದ್ದದ್ದು ನನ್ನ ಕಾಲು ಮಾತ್ರ. ಗಂಡ ಸತ್ತ ಮೇಲೆ ನನಗೆ ಒಂದೇ ಹೊತ್ತಿನ ಊಟ. ಒಗ್ಗರಣೆ ಇಲ್ಲ, ಕರಿದದ್ದು ಇಲ್ಲ. ಮನೆಯ ಎಣ್ಣೆ ತಿನ್ನದವಳು ಒಬ್ಬಳು, ಅವಳೊಬ್ಬಳೇ ನೆಟ್ಟಗಿದ್ದಾಳೆ. ಇದಕ್ಕಿಂತ ನೇರವಾದ ಸಾಕ್ಷಿ ನಾನು ಓದಿದ ಕಾಲೇಜಿನ ಪ್ರಯೋಗಶಾಲೆಯಲ್ಲೂ ಸಿಗುತ್ತಿರಲಿಲ್ಲ. ಬೀದಿಯವರು ಅದನ್ನು ಬೇರೆ ರೀತಿ ತಿಳಿದರು. ಗಂಡನನ್ನು ತಿಂದವಳ ದೆಸೆ ಈಗ ಮಿಕ್ಕವರ ಮೇಲೆ ತಿರುಗಿದೆ ಎಂದರು.

ಮಾವ ನರಸಿಂಹಪ್ಪನವರು ಸುತ್ತಲ ಹಳ್ಳಿಗಳಿಗೆ ಪಂಡಿತರು. ಅವರ ಹೆಸರು ನಿಂತಿದ್ದದ್ದು ಕಜ್ಜಿಯ ಎಣ್ಣೆಯ ಮೇಲೆ. ಬೀಳು ಹೊಲ, ಮಾವಿನ ತೋಪಿನ ಬದು ಎನ್ನದೆ ಹಬ್ಬುವ ಮುಳ್ಳುಗಿಡವೊಂದಿದೆ. ಹೂವು ಹಳದಿ, ಮುರಿದರೆ ಸುರಿಯುವ ಹಾಲೂ ಹಳದಿ. ಬ್ರಹ್ಮದಂಡಿ ಎನ್ನುತ್ತಾರೆ. ಸಾಸಿವೆಯಂಥ ಅದರ ಬೀಜವನ್ನು ಮಾವನವರು ಮುನಿಯಲ್ಲಪ್ಪನ ಗಾಣದಲ್ಲಿ ಆಡಿಸುತ್ತಿದ್ದರು. ಔಷಧಿಗೆ ಮಡಿ ಬೇಕು. ಗಾಣವನ್ನು ಬಿಸಿನೀರಿನಲ್ಲಿ ತೊಳೆಸಿ, ಬೇರೆ ಯಾರ ಕಾಳೂ ಬೀಳುವ ಮೊದಲು ಬ್ರಹ್ಮದಂಡಿ ಆಡಬೇಕು. ಗಾಣ ಹೇಗೂ ಮಡಿಯಲ್ಲಿದೆಯಲ್ಲ ಎಂದು ಅದರ ಹಿಂದೆಯೇ ನಮ್ಮ ಮನೆಯ ಹುಚ್ಚೆಳ್ಳು. ಅಡುಗೆಯ ಎಣ್ಣೆ ಅದೇ. ಮರದ ಗಾಣ ಎಷ್ಟು ಎಣ್ಣೆ ಕುಡಿದಿಟ್ಟುಕೊಂಡು ಮುಂದಿನವರಿಗೆ ಬಿಡುತ್ತದೆ ಎಂದು ಯಾರೂ ಕೇಳಿರಲಿಲ್ಲ. ಯುರೋಪಿನಲ್ಲಿ ಯುದ್ಧ ಶುರುವಾದ ಆ ವರ್ಷ ಕಜ್ಜಿ ಊರಿಗೆಲ್ಲ ಹರಡಿತ್ತು. ಹಿಂದೆಂದಿಗಿಂತ ಹೆಚ್ಚು ಬೀಜ ಗಾಣಕ್ಕೆ ಬಿದ್ದಿತ್ತು.

ಕಜ್ಜಿಗೆ ಹಚ್ಚುವುದರ ಬಗ್ಗೆ ನನ್ನ ತಕರಾರು ಇರಲಿಲ್ಲ. ಅದರಿಂದ ಗುಣವಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಬಂಗಾಳದಲ್ಲಿ ಸಾಸಿವೆ ಎಣ್ಣೆಗೆ ಇದೇ ಬೀಜದ ಎಣ್ಣೆ ಸೇರಿ, ತಿಂದವರಿಗೆ ಕಾಲು ಊದಿ ಎದೆ ಸೋತದ್ದನ್ನು ಕಲ್ಕತ್ತೆಯ ವೈದ್ಯರು ತೋರಿಸಿದ್ದರು. ಮಾವನವರಿಗೆ ಅದನ್ನೆಲ್ಲ ಹೇಳಿದೆ. ಗಿಡ ಈ ದೇಶದ್ದೇ ಅಲ್ಲ, ಮೆಕ್ಸಿಕೋದಿಂದ ಬಂದ ಕಳೆ ಎಂದೂ ಹೇಳಿದೆ. ಅದು ತಪ್ಪಾಯಿತು.

“ಬ್ರಹ್ಮನ ದಂಡ ಅಲ್ಲಿತ್ತು ಅಂದ್ರೆ ಬ್ರಹ್ಮ ಎಲ್ಲಿದ್ನಮ್ಮ?” ಎಂದರು.

ಮೆಣಸಿನಕಾಯಿಯೂ ಅಲ್ಲಿಂದಲೇ ಬಂದದ್ದು ಎಂದೆ.

“ಹಂಗಾದ್ರೆ ನಾಳೆಯಿಂದ ಸಾರಿಗೆ ಹಾಕ್ಬೇಡ.”

ಹೊರಗೆ ಜಗಲಿಯಲ್ಲಿ ಕುಳಿತಿದ್ದ ರೋಗಿಗಳೆಲ್ಲ ನಕ್ಕರು. ಆ ಸಂಜೆಯಿಂದ ಶಾಮಲಮ್ಮನ ಊತಕ್ಕೆ ಮಾವನವರು ಕಷಾಯ ಶುರುಮಾಡಿದರು. ಬ್ರಹ್ಮದಂಡಿಯ ಬೇರಿನ ಕಷಾಯ.

ಮಾತಿಗೆ ಒಪ್ಪದವರು ಕಣ್ಣಿಗೆ ಕಂಡರೆ ಒಪ್ಪಿಯಾರು ಎಂದುಕೊಂಡೆ. ಈ ಎಣ್ಣೆಗೆ ನೈಟ್ರಿಕ್ ಆಮ್ಲ ಸೇರಿಸಿದರೆ ಕೆಂಪು ಬಣ್ಣ ಏಳುತ್ತದೆ. ಚಿನ್ನ ಪರೀಕ್ಷಿಸಲು ಅಕ್ಕಸಾಲಿಗರು ಇಟ್ಟುಕೊಳ್ಳುವ ದ್ರಾವಕ ಅದೇ. ಕೇಳಲು ಹೋದಾಗ, ಪರೀಕ್ಷೆ ಮಾಡಲು ನಿಮ್ಮ ಹತ್ತಿರ ಇನ್ನೇನು ಚಿನ್ನ ಉಳಿದಿದೆಯಮ್ಮ ಎಂದು ಅಕ್ಕಸಾಲಿ ಕೇಳಿದ. ಆದರೂ ಸೀಸೆಯಲ್ಲಿ ಸ್ವಲ್ಪ ಕೊಟ್ಟ.

ಮಾವನವರ ಎದುರಿಗೆ ಗಾಜಿನ ಬಟ್ಟಲುಗಳನ್ನು ಇಟ್ಟೆ. ಒಂದರಲ್ಲಿ ಅಂಗಡಿಯಿಂದ ತಂದ ಹುಚ್ಚೆಳ್ಳೆಣ್ಣೆ, ಒಂದರಲ್ಲಿ ಅವರ ಔಷಧಿ, ಒಂದರಲ್ಲಿ ನಮ್ಮ ಅಡುಗೆ ಎಣ್ಣೆ. ದ್ರಾವಕ ಬಿಟ್ಟು ಅಲುಗಿಸಿದೆ. ಅಂಗಡಿಯದು ಕೆಂಪಾಗಲಿಲ್ಲ. ಔಷಧಿ ಕಡುಗೆಂಪಾಯಿತು. ನಮ್ಮ ಎಣ್ಣೆ ಕಿತ್ತಳೆಯಾಗಿ, ನೋಡುತ್ತಿದ್ದಂತೆ ಕೆಂಪಿಗೆ ತಿರುಗಿತು. ಮಾವನವರು ಬಟ್ಟಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅರ್ಥವಾಯಿತು ಎಂದೇ ನಾನು ಭಾವಿಸಿದೆ.

“ಶಾಸ್ತ್ರದಾಗೆ ಈ ಗಿಡಕ್ಕೆ ಸ್ವರ್ಣಕ್ಷೀರಿ, ಚಿನ್ನದ ಹಾಲು ಅಂತ ಸುಮ್ನೆ ಹೇಳಿಲ್ಲ ಕಣಮ್ಮ,” ಎಂದರು. “ಚಿನ್ನ ನೋಡೋ ನೀರಲ್ಲೇ ಬಣ್ಣ ತೋರಿಸ್ತು. ನಮ್ಮನೆ ಎಣ್ಣೆಗೂ ಆ ಗುಣ ಬಂದೈತೆ.”

ಅತ್ತೆಯನ್ನು ಕರೆದು, ಶಾಮಲಮ್ಮನ ಅನ್ನಕ್ಕೆ ಇನ್ನೊಂದು ಚಮಚ ಎಣ್ಣೆ ಜಾಸ್ತಿ ಹಾಕಲು ಹೇಳಿದರು.

ನಾನು ಬಟ್ಟಲು ತೊಳೆದಿಟ್ಟೆ. ಮಾರನೆಯ ಬೆಳಗ್ಗೆ ಅಡುಗೆಮನೆಗೆ ಹೋಗಿ ಎಣ್ಣೆಯ ಜಾಡಿಯ ಮುಚ್ಚಳ ತೆಗೆದು ಎರಡು ಕೈಯನ್ನೂ ಮಣಿಕಟ್ಟಿನವರೆಗೆ ಅದ್ದಿದೆ. ಅತ್ತೆ ಒಲೆಯ ಮುಂದಿನಿಂದ ಎದ್ದರು. ರಾತ್ರಿಯೇ ಹೊರಗಾಗಿದ್ದೇನೆ, ಮರೆತು ಮುಟ್ಟಿಬಿಟ್ಟೆ ಎಂದೆ.

ಆಗ ಯಾರೂ ಸಾಕ್ಷಿ ಕೇಳಲಿಲ್ಲ. ಯಾವ ಶಾಸ್ತ್ರದಲ್ಲಿದೆ, ಯಾವ ದೇಶದಿಂದ ಬಂತು ಎಂದು ಕೇಳಲಿಲ್ಲ. ಮಾವನವರು ಅಂಗಳದಲ್ಲಿ ನಿಂತೇ ನನ್ನ ಓದನ್ನೂ ಓದಿಸಿದ ಅಪ್ಪನನ್ನೂ ಬೈದರು. ಜಾಡಿಯ ಎಣ್ಣೆಯೆಲ್ಲ ತಿಪ್ಪೆಗೆ ಹೋಯಿತು. ನನ್ನನ್ನು ಕೊಟ್ಟಿಗೆಯ ಪಕ್ಕ ಕೂರಿಸಿದರು. ಅಂಗಡಿಯಿಂದ ಕಡಲೆಕಾಯಿ ಎಣ್ಣೆ ಬಂತು.

ಶಾಮಲಮ್ಮನ ಊತ ನಿಧಾನವಾಗಿ ಇಳಿಯಿತು, ಕಷಾಯ ಕುಡಿಯದ ಅತ್ತೆ ಮಾವನವರದೂ. ಉಸಿರು ಸರಿಹೋಯಿತು. ಹೆರಿಗೆಯೂ ಸುಸೂತ್ರವಾಯಿತು, ಹೆಣ್ಣುಮಗು. ಬೇರಿನ ಕಷಾಯದ ಮಹಿಮೆ ಎಂದು ಮಾವನವರು ಜಗಲಿಯಲ್ಲಿ ಹೇಳುವುದು ನನಗೆ ಒಳಗೆ ಕೇಳುತ್ತಿತ್ತು. ಈಗ ಕಷಾಯ ಕೇಳಿಕೊಂಡು ಶ್ರೀನಿವಾಸಪುರದಿಂದಲೂ ಜನ ಬರುತ್ತಾರೆ.

ಬಾಣಂತಿ ನಿದ್ದೆಹೋಗಿದ್ದ ಒಂದು ಮಧ್ಯಾಹ್ನ ಅತ್ತೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ನನ್ನ ಮುಖ ನೋಡದೆ ಕೇಳಿದರು.

“ಅವತ್ತು ನೀನು ಹೊರಗಾಗಿರ್ಲಿಲ್ಲ, ಅಲ್ವೇನೇ?”

ನಾನು ಮಡಿಸಿಟ್ಟಿದ್ದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸಿದೆ.

“ಬರೋ ವರ್ಷ ನಮ್ಮ ಹುಚ್ಚೆಳ್ಳು ಮೊದ್ಲು ಆಡಿಸು ಅಂತ ಮುನಿಯಲ್ಲಪ್ಪಂಗೆ ನಾನೇ ಹೇಳ್ತೀನಿ,” ಎಂದರು.

ಮಾವನವರು ಯಾಕೆ ಎಂದು ಕೇಳಿದರೆ ಏನು ಹೇಳುತ್ತೀರಿ ಎಂದೆ.

“ಔಷಧಿ ಹಿಂದೆ ಆಡಿಸಿದ ಎಣ್ಣೆಗೆ ಮುಂಡೆ ಕೈ ಬಿತ್ತು, ಆಗಿಬರಲ್ಲ ಅಂತೀನಿ. ಒಪ್ತಾರೆ. ನೀನು ಮಾತ್ರ ಆ ಕೆಂಪು ಬಣ್ಣದ ಸುದ್ದಿ ಎತ್ಬೇಡ.”