ಇನ್ನೂರ ಹನ್ನೆರಡನೇ ತಪ್ಪು

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಬಸವೇಶ್ವರನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಷಟರ್ ಅರ್ಧ ಎಳೆದುಕೊಂಡು ಮೂರು ಜನ ನೆಪ್ಚೂನ್ ಗ್ರಹದ ಆಚೆಗಿನ ಒಂದು ಯುದ್ಧದ ಬಗ್ಗೆ ಜಗಳವಾಡುತ್ತಿದ್ದರು. ಯುದ್ಧ ನಡೆಯಬೇಕಾದದ್ದು ಇನ್ನು ಮುನ್ನೂರು ವರ್ಷಕ್ಕೆ. ಜಗಳ ಆಗಲೇ ಹದಿನಾಲ್ಕು ವರ್ಷ ಹಳೆಯದು.

ಜಗಳಕ್ಕೆ ಮೂಲ ‘ಏಳನೇ ಠಾಣೆ’ ಎಂಬ ಏಳು ಸಂಪುಟಗಳ ಕಾದಂಬರಿ. ಬರೆದವರು ಆರ್‌ಪಿಸಿ ಲೇಔಟಿನ ವಿಮಲಮ್ಮ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಊರಿಂದೂರಿಗೆ ಕರೆ ಜೋಡಿಸುವ ಟ್ರಂಕ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಅವರ ಕತೆಯಲ್ಲಿ ಭೂಮಿಯ ಯುದ್ಧನೌಕೆಗಳು ಸೌರಮಂಡಲದ ಅಂಚಿನಲ್ಲಿ, ಮಂಜುಗಡ್ಡೆಯ ಬಂಡೆಗಳ ನಡುವೆ ಕಾದಾಡುತ್ತವೆ. ಭೂಮಿಯಿಂದ ಅಲ್ಲಿಯವರೆಗೆ ಸಾಲಾಗಿ ಏಳು ಠಾಣೆಗಳು. ಒಂದೊಂದರಲ್ಲೂ ಒಬ್ಬ ಹೆಂಗಸು ಕೂತು ಬಂದ ಸಂದೇಶವನ್ನು ಮುಂದಕ್ಕೆ ದಾಟಿಸುತ್ತಾಳೆ. ಸೈನಿಕರು ಅವರನ್ನು ಠಾಣೆ ಅಕ್ಕ ಎನ್ನುತ್ತಾರೆ. ಬೆಳಕಿಗಿಂತ ಬೇಗ ಯಾವ ಮಾತೂ ಹೋಗಕೂಡದು ಎನ್ನುವುದು ಆ ಲೋಕದ ಮೊದಲ ಕಾಯಿದೆ. ಹಾಗಾಗಿ ಭೂಮಿಯಲ್ಲಿ ಆಡಿದ ಮಾತು ಯುದ್ಧದ ಅಂಚು ಮುಟ್ಟಲು ಆರು ಗಂಟೆ ಬೇಕು.

ಈ ಪುಸ್ತಕದ ಅಭಿಮಾನಿಗಳು ಒಂದು ಕಾಲಕ್ಕೆ ಹದಿನೆಂಟು ಜನರಿದ್ದರು. ಕೆಲವರಿಗೆ ಮಕ್ಕಳಾದವು, ಕೆಲವರಿಗೆ ಬೆನ್ನು ನೋವು ಬಂತು, ಒಬ್ಬಾತ ಅನ್ನಪೂರ್ಣೇಶ್ವರಿ ನಗರದಲ್ಲಿ ಮನೆ ಕಟ್ಟಿಸಲು ಶುರುಮಾಡಿ ಅಲ್ಲೇ ಕಳೆದುಹೋದ. ಈಗ ಉಳಿದವರು ಮೂರೇ. ಅಂಗಡಿಯ ಯಜಮಾನ ಮುರಳೀಕೃಷ್ಣ, ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಅನು, ಮತ್ತೆ ವಿಜಯನಗರ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿರುವ ಮಹದೇವ್. ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಇಪ್ಪತ್ತೇಳು ವರ್ಷದಿಂದ ಬರೆದು ಬರೆದು, ಐವತ್ತನಾಲ್ಕಕ್ಕೇ ಎಪ್ಪತ್ತರವನ ಹಾಗೆ ದಣಿದು ಕಾಣುವ ಮನುಷ್ಯ.

ಪ್ರೀತಿ ತೋರಿಸುವುದೆಂದರೆ ತಪ್ಪು ಹುಡುಕುವುದು ಎಂದು ಈ ಜನ ಪ್ರಾಮಾಣಿಕವಾಗಿ ನಂಬಿದ್ದರು. ವಿಮಲಮ್ಮನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಶಾಲು, ಹಾರ, ಒಂದು ಕೇಜಿ ಮೈಸೂರುಪಾಕು ತೆಗೆದುಕೊಂಡು ಹೋದವರು, ಜೊತೆಗೆ ಅವರದೇ ಪುಸ್ತಕದ ನೂರ ತೊಂಬತ್ತು ತಪ್ಪುಗಳ ಪಟ್ಟಿಯನ್ನೂ ಸ್ಪೈರಲ್ ಬೈಂಡಿಂಗ್ ಮಾಡಿಸಿ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ತೋರಿಸುತ್ತಿದ್ದರು. ಆಕೆ ಕನ್ನಡಕ ಹಾಕಿಕೊಂಡು ಓದಲು ಕೂತರು.

ಗುಂಪಿಗೆ ಒಂದೇ ಕಟ್ಟಳೆ. ಯಾರು ತಪ್ಪು ಹಿಡಿಯುತ್ತಾರೋ ಅವರೇ ಅದಕ್ಕೆ ತೇಪೆಯನ್ನೂ ತರಬೇಕು. ತೇಪೆ ಆ ಲೋಕದ ಕಾಯಿದೆಯೊಳಗೇ ಇರಬೇಕು. ತೇಪೆ ಸಿಗದಿದ್ದರೆ ಆ ಭಾಗವನ್ನು ಕಿತ್ತುಹಾಕಿ ಎಂದು ಬರೆಯುವ ಹಕ್ಕೂ ಹಿಡಿದವರದ್ದೇ. ಇಷ್ಟು ದಿನ ಇದು ಭಾನುವಾರದ ಹೊತ್ತು ಕಳೆಯುವ ಆಟವಾಗಿತ್ತು. ಈಗ ಪ್ರಕಾಶಕರು ಏಳೂ ಸಂಪುಟಗಳನ್ನು ಒಂದೇ ಪುಸ್ತಕವಾಗಿ ತರುತ್ತಿದ್ದರು. “ಆ ಮೂರು ಜನ ಏನು ಹೇಳ್ತಾರೋ ಹಂಗೆ ತಿದ್ದಿ” ಎಂದು ವಿಮಲಮ್ಮ ಅವರಿಗೆ ಹೇಳಿಬಿಟ್ಟಿದ್ದರು. ಆವತ್ತು ಸಂಜೆ ನಾಲ್ಕಕ್ಕೆ ಪಟ್ಟಿ ವಿಮಲಮ್ಮನ ಕೈ ಸೇರಬೇಕಿತ್ತು.

ಇನ್ನೂರ ಹನ್ನೊಂದು ತಪ್ಪು ಮುಗಿದಿದ್ದವು. ಗಾಳಿಯಿಲ್ಲದ ಕಡೆ ಫಿರಂಗಿ ಢಮಾರ್ ಎಂದದ್ದು ಹೇಗೆ ಎನ್ನುವುದಕ್ಕೆ, ಸದ್ದು ಕೇಳಿದ್ದು ನೌಕೆಯ ಗೋಡೆಯ ನಡುಕದಿಂದ ಎಂದು ತೇಪೆ ಬಿದ್ದಿತ್ತು. ನಲವತ್ತು ದಿನ ಶತ್ರುವಿನ ಕಣ್ಣಿಗೆ ಬೀಳದೆ ಅಡಗಿದ ನೌಕೆಯ ಕಾವು ಎಲ್ಲಿ ಹೋಯಿತು ಎನ್ನುವುದಕ್ಕೆ ಅನು ಮೂರು ಭಾನುವಾರ ತಿಂದು, ಮಂಜುಗಡ್ಡೆಯ ಬಂಡೆಯನ್ನೇ ಒಳಗಿಂದ ಕರಗಿಸುತ್ತಾ ಕೂತಿದ್ದರು ಎಂದು ಬರೆಸಿದ್ದಳು. ಉಳಿದದ್ದು ಇನ್ನೂರ ಹನ್ನೆರಡು.

ಅದು ಐದನೇ ಸಂಪುಟದ ಕೊನೆ. ಲೆಫ್ಟಿನೆಂಟ್ ಸೋಮಯ್ಯನ ನೌಕೆ ಒಡೆದಿದೆ. ಇನ್ನು ಕಾಲು ಗಂಟೆಯ ಉಸಿರಿದೆ. ಅವನು ಏಳನೇ ಠಾಣೆಗೆ ಕರೆ ಮಾಡಿ ತನ್ನ ತಾಯಿಯ ಹತ್ತಿರ ಮಾತಾಡಬೇಕು ಎನ್ನುತ್ತಾನೆ. ಗೊರಗೊರ ಸದ್ದಿನ ನಡುವೆ ತಾಯಿ ಸಿಗುತ್ತಾಳೆ. ಊಟ ಆಯ್ತೇನಪ್ಪ ಎಂದು ಕೇಳುತ್ತಾಳೆ. ಆಯ್ತಮ್ಮ ಎನ್ನುತ್ತಾನೆ. ಚಳಿ ಇದೆಯಾ, ಸ್ವೆಟರ್ ಹಾಕ್ಕೊಂಡಿದೀಯಾ, ಹೀಗೇ ಎರಡು ಪುಟ. ಓದಿದವರೆಲ್ಲ ಅತ್ತ ಎರಡು ಪುಟ. ತಾಯಿ ಇರುವುದು ಭೂಮಿಯಲ್ಲಿ. ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಹನ್ನೆರಡು ಗಂಟೆ ಬೇಕು. ಇದನ್ನು ಹಿಡಿದವನು ಮಹದೇವ್.

“ಮೊದ್ಲೇ ರೆಕಾರ್ಡ್ ಮಾಡಿದ್ದು ಅಂತ ಬರೆಯೋಣ” ಎಂದ ಮುರಳಿ. “ಅವರಮ್ಮ ಏನೇನ್ ಕೇಳ್ಬೋದು ಅಂತ ಮೊದ್ಲೇ ಗೊತ್ತಿರುತ್ತಲ್ಲ ಗುರು.”

“ಅವನು ಕೈ ನೋಯ್ತಿದೆ ಅಂತಾನೆ. ಯಾವ ಕೈ ಅಂತ ಅವಳು ಕೇಳ್ತಾಳೆ. ರೆಕಾರ್ಡ್ ಹಂಗೆ ಕೇಳುತ್ತಾ?” ಎಂದ ಮಹದೇವ್.

“ಹಾಗಾದ್ರೆ ನಮಗೆ ಗೊತ್ತಿಲ್ದೇ ಇರೋ ಯಾವುದೋ ಕಣ...” ಅನು ಶುರು ಮಾಡಿದಳು.

“ಕಾಯಿದೆ ಒಳಗೆ ಇರ್ಬೇಕಮ್ಮ.”

ಅನು ಪೆನ್ನು ಕೆಳಗಿಟ್ಟಳು. “ಸಾರ್, ನಿಮಗೆ ಆ ಸೀನ್ ಕಂಡ್ರೆ ಯಾಕೆ ಅಷ್ಟು ಕೋಪ? ಇನ್ನೂರ ಹನ್ನೊಂದು ತಪ್ಪಿಗೂ ಏನಾದ್ರೂ ದಾರಿ ಹುಡುಕಿದ್ವಿ. ಇದಕ್ಕೆ ಮಾತ್ರ ತೆಗೀರಿ ಅಂತ ಹಟ.”

“ಆಗದೇ ಇರೋ ಮಾತುಕತೇನ ಆಯ್ತು ಅಂತ ಬರೀಬಾರ್ದು” ಎಂದ ಮಹದೇವ್. “ಅದು ಮೋಸ.”

ಮೋಸ ಎನ್ನುವುದು ದೊಡ್ಡ ಮಾತು. ಅದನ್ನು ಯಾಕೆ ಆಡಿದ ಎನ್ನುವುದು ಅವನ ಹೆಂಡತಿ ಸುಮಾಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕೊರೊನಾದ ಎರಡನೇ ಅಲೆಯಲ್ಲಿ ಅವನ ತಾಯಿ ಅಂಜಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಲಕ್ಷ್ಮಿ ಎಂಬ ನರ್ಸ್ ದಿನಾ ಸಂಜೆ ಆರಕ್ಕೆ ತನ್ನ ಸ್ವಂತ ಫೋನಿನಿಂದ ಕರೆ ಮಾಡಿ ಅಮ್ಮನ ಸುದ್ದಿ ಹೇಳುತ್ತಿದ್ದಳು. ಊಟ ಮಾಡಿದ್ರು ಸಾರ್, ನಿಮ್ಮನ್ನ ಕೇಳಿದ್ರು. ಕುರುಬರಹಳ್ಳಿಯ ಮನೆಯ ಮಹಡಿ ಮೆಟ್ಟಿಲ ಮೇಲೆ ಕೂತು ಮಹದೇವ್ ಆ ಮಾತುಗಳನ್ನು ಸಮಯ ಹಾಕಿ ಜೇಬಿನ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದ. ಎಂಟನೇ ದಿನ ಬೆಳಿಗ್ಗೆ ಅಮ್ಮ ಹೋದರು.

ಕೆಲವು ವಾರದ ಮೇಲೆ ಆಸ್ಪತ್ರೆಯ ಫೈಲು ಕೈಗೆ ಬಂತು. ಬೇರೆಯವರಾದರೆ ಅದನ್ನು ಅಟ್ಟಕ್ಕೆ ಎಸೆಯುತ್ತಿದ್ದರು. ಇವನು ಟೈಮ್ ಕೀಪರ್. ಬಸ್ಸಿನ ಲಾಗ್ ಶೀಟನ್ನು ತನ್ನ ಪುಸ್ತಕದ ಜೊತೆ ತಾಳೆ ನೋಡುವ ಹಾಗೆ ಫೈಲನ್ನೂ ಡೈರಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಐದನೇ ದಿನ ಮಧ್ಯಾಹ್ನವೇ ಅಮ್ಮನ ಗಂಟಲಿಗೆ ಕೊಳವೆ ಹಾಕಿ ಪ್ರಜ್ಞೆ ತಪ್ಪಿಸಿದ್ದರು. ಆರನೇ ದಿನ ಸಂಜೆ ಆರು ಗಂಟೆ ಐದು ನಿಮಿಷಕ್ಕೆ ಡೈರಿಯಲ್ಲಿ ಅವನದೇ ಅಕ್ಷರ: ಎರಡು ಇಡ್ಲಿ ತಿಂದರಂತೆ, ಮೆತ್ತಗಿತ್ತಂತೆ, ಮಹದೇವ ಉಂಡನಾ ಅಂತ ಕೇಳಿದರಂತೆ. ಮೂರು ಸಂಜೆ ಹಾಗೆ ಸುಳ್ಳು. ಆವತ್ತಿನಿಂದ ಅವನಿಗೆ ಆ ಹೆಂಗಸಿನ ಮೇಲೆ ಕೆಂಡದಂಥ ಸಿಟ್ಟು. ಆ ನಂಬರನ್ನು ಅಳಿಸಲೂ ಇಲ್ಲ, ಕರೆ ಮಾಡಿ ಬೈಯಲೂ ಇಲ್ಲ. ಸೋಮಯ್ಯನ ಎರಡು ಪುಟವನ್ನು ಮತ್ತೆ ಓದಿದ್ದು ಆಮೇಲೆ. ಗಡಿಯಾರ ಹಿಡಿದು ಓದಿದ.

ಅಂಗಡಿಯ ಫ್ಯಾನು ತಿರುಗುತ್ತಿತ್ತು. ಎದುರಿನ ದರ್ಶಿನಿಯಿಂದ ತರಿಸಿದ ಕಾಫಿ ತಣ್ಣಗಾಗಿತ್ತು. ಮೂವರಿಗೂ ಸಾಕಾಗಿತ್ತು. ಕೊನೆಗೆ ಅನು ಇನ್ನೂರ ಹನ್ನೆರಡರ ಮುಂದೆ ‘ತೇಪೆ ಇಲ್ಲ, ತೆಗೆಯಬೇಕು’ ಎಂದು ಬರೆದು, “ಸೈನ್ ಮಾತ್ರ ನೀವೇ ಹಾಕಿ ಸಾರ್” ಎಂದು ಪಟ್ಟಿಯನ್ನು ಅವನ ಕಡೆ ತಳ್ಳಿದಳು. ವಿಮಲಮ್ಮನ ಮನೆಯಲ್ಲೇ ಹಾಕೋಣ ಎಂದು ಮಹದೇವ್ ಪಟ್ಟಿಯನ್ನು ಚೀಲಕ್ಕೆ ಸೇರಿಸಿದ.

ನಾಲ್ಕು ಗಂಟೆಗೆ ವಿಮಲಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ತೆಳ್ಳಗಾಗಿದ್ದರು. ಗೋಡೆ ಹಿಡಿದುಕೊಂಡು ಒಳಗೆ ನಡೆದು, ಮೂವರಿಗೂ ಚಕ್ಕುಲಿ ಕೊಟ್ಟು, ಪಟ್ಟಿಯನ್ನು ಕೊನೆಯ ಹಾಳೆಯಿಂದ ಓದತೊಡಗಿದರು. ಟೆಲಿಫೋನಿನವರ ಅಭ್ಯಾಸವೋ ಏನೋ, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದರು.

“ಸರಿಯಾಗಿದೆ” ಎಂದರು. “ತೆಗೆದ್ಬಿಡಿ. ಕಾಯಿದೆ ನಾನೇ ಮಾಡಿದ್ದು.”

ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದನ್ನು ನೋಡಿ ಅನುಗೆ ತಡೆಯಲಾಗಲಿಲ್ಲ. “ಬರೀವಾಗ ನಿಮಗೆ ಗೊತ್ತಾಗ್ಲಿಲ್ವಾ ಮೇಡಂ?”

“ಗೊತ್ತಾಗ್ದೇ ಏನಮ್ಮ. ಮೂವತ್ತೊಂದು ವರ್ಷ ಅದೇ ಕೆಲಸ ಮಾಡ್ದೋಳು.” ವಿಮಲಮ್ಮ ಕನ್ನಡಕ ತೆಗೆದರು. “ಅಲ್ಲಿ ಅವರಮ್ಮ ಮಾತಾಡೇ ಇಲ್ಲ.”

ಮುರಳಿಯ ಕೈಯಲ್ಲಿದ್ದ ಚಕ್ಕುಲಿ ಅಲ್ಲೇ ನಿಂತಿತು.

“ಆಗೆಲ್ಲ ಲೈನ್ ಸರಿ ಇರ್ತಿರ್ಲಿಲ್ಲ. ಈ ಕಡೆಯೋರ ಮಾತು ಆ ಕಡೆ ಕೇಳಿಸ್ದೇ ಹೋದ್ರೆ ಮಧ್ಯೆ ನಾವು ಕೂತು ಹೇಳ್ತಿದ್ವಿ. ಊಟ ಆಯ್ತಾ ಅಂತಿದಾರೆ, ಆಯ್ತು ಅಂತಿದಾರೆ, ಹಿಂಗೆ. ಒಂದಿನ ಗಡಿಯಿಂದ ಒಬ್ಬ ಸಿಪಾಯಿ ಹುಡುಗ. ಅವರಮ್ಮನ್ನ ಮಾಗಡಿ ಕಡೆ ಯಾವ್ದೋ ಹಳ್ಳಿ ಪೋಸ್ಟಾಫೀಸಿಗೆ ಕರೆಸಿದಾರೆ. ಲೈನ್ ಸಿಕ್ಕಿದ ಕೂಡ್ಲೇ ಹಳ್ಳಿ ಕಡೇದು ಸತ್ತೋಯ್ತು. ಈ ಹುಡುಗ ಅಮ್ಮ ಅಮ್ಮ ಅಂತಾನೆ. ಇರೋದು ಮೂರು ನಿಮಿಷ. ಒಂದು ಕಡೆ ಲೈನ್ ಸತ್ರೆ ಕಟ್ ಮಾಡ್ಬೇಕು ಅಂತ ರೂಲು. ನಾನು ಇಲ್ಲೇ ಇದಾರಪ್ಪ, ಅವರಿಗೆ ಸರಿಯಾಗಿ ಕೇಳಿಸ್ತಿಲ್ಲ, ನಾನು ಹೇಳ್ತೀನಿ ಅಂದೆ. ಊಟ ಆಯ್ತಾ ಅಂತ ಕೇಳ್ತಿದಾರೆ ಅಂದೆ. ಮೂರು ನಿಮಿಷಾನೂ ನಾನೇ ಅವನಿಗೆ ಅಮ್ಮ.”

ಮೂವರಿಗೂ ಆಗ ಹೊಳೆಯಿತು. ಸೋಮಯ್ಯನ ಹತ್ತಿರ ಎರಡು ಪುಟ ಮಾತಾಡಿದ್ದು ನೌಕೆಯ ಪಕ್ಕದಲ್ಲೇ ಇದ್ದ ಏಳನೇ ಠಾಣೆಯ ಅಕ್ಕ. ನಾಲ್ಕು ವರ್ಷ ಅವನ ತಾಯಿಯ ಸಂದೇಶಗಳನ್ನು ದಾಟಿಸಿದವಳಿಗೆ ಆ ತಾಯಿ ಏನು ಕೇಳುತ್ತಾಳೆ ಎನ್ನುವುದು ಬಾಯಿಪಾಠ. ಕಾಯಿದೆ ಎಲ್ಲೂ ಮುರಿದಿರಲಿಲ್ಲ. ಇಷ್ಟು ದಿನ ಮೂರು ಬುದ್ಧಿವಂತರು ಗಡಿಯಾರ ನೋಡುತ್ತಾ ಕೂತಿದ್ದರು, ಅಷ್ಟೇ.

“ಪುಸ್ತಕದಲ್ಲಿ ಯಾಕೆ ಹೇಳ್ಲಿಲ್ಲ ಮೇಡಂ?” ಎಂದಳು ಅನು.

“ಓದೋರಿಗೆ ಗೊತ್ತಾದ್ರೆ ಆ ಹುಡುಗನಿಗೂ ಗೊತ್ತಾದಂಗೆ ಅಲ್ವೇನಮ್ಮ.”

“ಆಮೇಲೆ ಅವನಿಗೆ ಗೊತ್ತಾಗಿದ್ರೆ?” ಎಂದು ಕೇಳಿದ ಮಹದೇವ್. “ಆ ಸಿಪಾಯಿಗೆ. ಊರಿಗೆ ಬಂದು ಅವರಮ್ಮನ್ನ ಕೇಳಿದ್ರೆ ತಿಳಿದೋಗುತ್ತಲ್ಲ.”

“ತಿಳಿದಿರ್ಬೋದು. ಬೈಕೊಂಡೂ ಇರ್ತಾನೆ.” ವಿಮಲಮ್ಮ ನಕ್ಕರೋ ಇಲ್ಲವೋ ಹೇಳಲಾಗದು. “ಅವತ್ತು ನಂದು ಎರಡನೇ ಶಿಫ್ಟು ಮಹದೇವ್. ಕಣ್ಣು ಬಿಡಕ್ಕಾಗ್ತಿರ್ಲಿಲ್ಲ. ಕಟ್ ಮಾಡಿದ್ರೆ ಯಾರೂ ಕೇಳ್ತಿರ್ಲಿಲ್ಲ, ಅದೇ ಸುಲಭ ಆಗಿತ್ತು. ಹೋಗ್ಲಿ ಬಿಡಿ. ತಪ್ಪು ಹಿಡಿದೋರು ನೀವು, ನೀವೇ ಹೇಳಿ. ತೆಗೆಯೋಣ್ವಾ?”

ಮೂರು ಜನರೂ ಅವನನ್ನೇ ನೋಡುತ್ತಿದ್ದರು. ಎರಡನೇ ಶಿಫ್ಟು ಎಂಬ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಕೊರೊನಾದ ಆ ಮೇ ತಿಂಗಳಲ್ಲಿ ಅಮ್ಮನ ವಾರ್ಡಿನಲ್ಲಿ ಎಷ್ಟು ಹಾಸಿಗೆಗಳಿದ್ದವೋ, ಸಂಜೆ ಆರಕ್ಕೆ ಲಕ್ಷ್ಮಿ ಎಷ್ಟು ಜನಕ್ಕೆ ಕರೆ ಮಾಡುತ್ತಿದ್ದಳೋ, ಎಲ್ಲದರ ಸಮಯ ಬರೆದಿಟ್ಟ ಇವನು ಅದನ್ನು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ. ಕರೆಯನ್ನೇ ಮಾಡದಿದ್ದರೆ ಆಕೆಗೆ ಎಷ್ಟು ಸುಲಭವಿತ್ತು. ನಾಚಿಕೆಯಾಯಿತು.

ಅವನು ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅನುವಿನ ಸಾಲನ್ನು ಹೊಡೆದುಹಾಕಿದ. ‘ದೋಷವಲ್ಲ’ ಎಂದು ಬರೆದು ಸೈನ್ ಹಾಕಿದ.

“ತೇಪೆ ಏನು ಅಂತ ಬರೀಬೇಕಲ್ಲ ಗುರು” ಎಂದ ಮುರಳಿ. “ಇಲ್ದಿದ್ರೆ ಜನ ನಮ್ಮನ್ನ ಸುಮ್ನೆ ಬಿಡಲ್ಲ. ಇಷ್ಟು ದೊಡ್ಡ ತಪ್ಪು ಕಾಣ್ಲಿಲ್ವಾ ಅಂತ ಉಗೀತಾರೆ.”

“ಉಗೀಲಿ” ಎಂದ ಮಹದೇವ್. “ಬರೆಯೋದು ಬೇಡ.”

ಮುರಳಿ ಸ್ಕೂಟರಿನಲ್ಲಿ ಅನುವನ್ನು ಕೂರಿಸಿಕೊಂಡು ಹೋದ. ಮಹದೇವ್ ಬಸ್ ಸ್ಟಾಪಿನವರೆಗೆ ನಡೆದು, ಅಲ್ಲಿನ ಕಬ್ಬಿಣದ ಬೆಂಚಿನ ಮೇಲೆ ಕೂತು ಫೋನ್ ತೆಗೆದ. ಲಕ್ಷ್ಮಿ ಸಿಸ್ಟರ್ ಎಂಬ ಹೆಸರು ನಾಲ್ಕು ವರ್ಷದಿಂದ ಅಲ್ಲೇ ಇತ್ತು. ಏನು ಹೇಳಬೇಕು ಎಂದು ತಿಳಿಯದೆಯೇ ಒತ್ತಿದ.

ನಾಲ್ಕನೇ ರಿಂಗಿಗೆ ಎತ್ತಿಕೊಂಡಳು. ಹಿಂದೆ ಯಾವುದೋ ಟ್ರಾಲಿಯ ಸದ್ದು. ಇನ್ನೂ ಅದೇ ಕೆಲಸ.

“ಹಲೋ, ಯಾರು?”

“ನಾನು ಮಹದೇವ್ ಅಂತ ಸಿಸ್ಟರ್. ಕುರುಬರಹಳ್ಳಿ. ಕೊರೊನಾ ಟೈಮಲ್ಲಿ ನಮ್ಮ ತಾಯಿ ನಿಮ್ಮ ವಾರ್ಡಲ್ಲಿದ್ರು. ಅಂಜಮ್ಮ ಅಂತ. ನೀವು ದಿನಾ ಸಂಜೆ ಫೋನ್ ಮಾಡ್ತಿದ್ರಿ.”

ಆ ಕಡೆ ಅವಳು ಅಂಜಮ್ಮ, ಅಂಜಮ್ಮ ಎಂದು ಗೊಣಗಿದಳು. ನೆನಪಿನಲ್ಲಿ ಹುಡುಕುತ್ತಿದ್ದಳು, ಸಿಗಲಿಲ್ಲ ಎಂದು ಅವನಿಗೆ ಗೊತ್ತಾಯಿತು. ಆಗ ಎಷ್ಟೊಂದು ಅಂಜಮ್ಮಂದಿರು.

“ಹೌದಾ ಸಾರ್” ಎಂದಳು ಕೊನೆಗೆ. ದಣಿದ ದನಿ, ಆದರೂ ಅದೇ ಮೆತ್ತನೆಯ ದನಿ. “ತುಂಬಾ ಜನ ಇದ್ರಲ್ಲ ಆಗ, ಸರಿಯಾಗಿ ಜ್ಞಾಪಕ ಬರ್ತಿಲ್ಲ, ತಪ್ಪು ತಿಳ್ಕೋಬೇಡಿ. ಅಮ್ಮ ಹೇಗಿದಾರೆ ಸಾರ್ ಈಗ? ಹುಷಾರಾಗಿದಾರಾ?”

ಎದುರಿಗೆ ಒಂದು ಬಸ್ಸು ಬಂದು ನಿಂತಿತು. ಎಷ್ಟು ಗಂಟೆ ಎಂದು ಅವನು ನೋಡಲಿಲ್ಲ.

“ಹುಷಾರಾಗಿದಾರೆ ಸಿಸ್ಟರ್” ಎಂದ. “ಈಗ ತಾನೇ ಎರಡು ಇಡ್ಲಿ ತಿಂದ್ರು. ನಿಮ್ಮನ್ನ ಕೇಳಿದ್ರು.”