ಮಂಗಳವಾರ ಮಾತ್ರ ರಜೆ

ಮೊದಲೇ ಹೇಳಿಬಿಡುತ್ತೇನೆ, ಫೋನ್ ಕಂಡರೆ ನನಗೀಗ ಮೈ ಉರಿಯುತ್ತದೆ. ಹಾಗಂತ ಸುಳ್ಳು ಹೇಳಲಾರೆ, ನನ್ನ ಪಾರ್ಲರ್ ಉಳಿದದ್ದೇ ಅದರಿಂದ. ಎರಡು ಕುರ್ಚಿ, ತಲೆ ತೊಳೆಯುವ ಒಂದು ತೊಟ್ಟಿ, ಗೋಡೆಯುದ್ದಕ್ಕೂ ಕನ್ನಡಿ, ಹಿಂದಿನ ಕೋಣೆಗೊಂದು ಪರದೆ. ಇಷ್ಟೇ ನನ್ನ ಸಾಮ್ರಾಜ್ಯ. ಮೂರು ವರ್ಷದ ಹಿಂದೆ ದಿನಕ್ಕೆ ಇಬ್ಬರು ಬಂದರೆ ಹೆಚ್ಚು. ಆಮೇಲೆ ತಂಗಿಯ ಮಗಳು ಒಂದು ಪೇಜ್ ಮಾಡಿಕೊಟ್ಟಳು. ಕತ್ತರಿಸಿದ ಕೂದಲಿನ ಫೋಟೊ ಹಾಕಿದ್ದೇ ತಡ, ಎಲ್ಲೆಲ್ಲಿಂದಲೋ ಬಂದರು. ನಾಲ್ಕು ಸಾವಿರ ಜನ ಫಾಲೋ ಮಾಡುತ್ತಾರೆ ಎಂದರೆ ಕಾಲು ನೆಲದ ಮೇಲೆ ನಿಲ್ಲುತ್ತದೆಯೇ?

ಗುಬ್ಬಿ ಕೆಲಸ ಕೇಳಿಕೊಂಡು ಬಂದದ್ದೂ ಆ ಪೇಜ್ ನೋಡಿಯೇ. ಬಾಗಿಲ ಗಂಟೆ ಸದ್ದಾದರೂ ಬೆಚ್ಚಿ ಬೀಳುತ್ತಿದ್ದಳು, ಅದಕ್ಕೇ ನಾನು ಇಟ್ಟ ಹೆಸರು ಅದು. ಮೊದಲ ದಿನವೇ ಅಂಗಿಯ ತೋಳು ಮೇಲೆತ್ತಿ ಸುಟ್ಟ ಗಾಯದ ಕಲೆಗಳನ್ನು ತೋರಿಸಿದಳು.

"ಗಂಡ ಹುಡುಕ್ತಿದಾನೆ ಅಕ್ಕಾ. ನನ್ನ ಮುಖ ಮಾತ್ರ ಎಲ್ಲೂ ಹಾಕ್ಬೇಡಿ. ಸಿಕ್ಕಿದ್ರೆ ಸಾಯಿಸ್ತಾನೆ."

"ನನ್ನಾಣೆಗೂ ಹಾಕಲ್ಲ ಕಣೇ," ಎಂದೆ. ನಾನು ತೆಗೆಯುವುದೆಲ್ಲ ಗಿರಾಕಿಯ ಹಿಂದಲೆಯ ಫೋಟೊ, ಮುಖದ ಗೊಡವೆಯೇ ಇಲ್ಲ. ಏಳು ತಿಂಗಳು ಹೀಗೇ ನಡೆಯಿತು. ಅವಳು ತಲೆ ತೊಳೆದರೆ ಗಿರಾಕಿಗಳಿಗೆ ಕೂತಲ್ಲೇ ನಿದ್ದೆ ಹತ್ತುತ್ತಿತ್ತು, ಪೇಜಿನಲ್ಲೂ ಅದನ್ನೇ ಹೊಗಳಿ ಬರೆಯುತ್ತಿದ್ದರು.

ಮೊನ್ನೆ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಲೆಕ್ಕದ ಟೀಚರ್ ತಲೆಗೆ ಬಣ್ಣ ಮೆತ್ತಿಸಿಕೊಂಡು ಕೂತಿದ್ದರು. ನಿವೃತ್ತರಾಗಿ ಹತ್ತು ವರ್ಷವಾದರೂ ಎದುರಿಗಿದ್ದವರನ್ನೆಲ್ಲ ನಾಲ್ಕನೇ ಕ್ಲಾಸಿನವರಂತೆ ಗದರಿಸುವುದು ಬಿಟ್ಟಿಲ್ಲ. ಗುಬ್ಬಿ ಹಿಂದಿನ ಕೋಣೆಯಲ್ಲಿ ಟವೆಲ್ ಒಗೆಯುತ್ತಿದ್ದಳು. ಆಗ ಅವನು ಬಂದ. ಇಸ್ತ್ರಿ ಮಾಡಿದ ಶರಟು, ಒಪ್ಪವಾಗಿ ಬಾಚಿದ ತಲೆ, ಮಾತಂತೂ ಎಂಥ ನಯ!

"ನಮಸ್ಕಾರ ಮೇಡಂ. ಇಲ್ಲಿ ತಲೆ ತೊಳೆಯೋ ಹುಡುಗಿ ಇದಾಳಲ್ಲ, ಅವಳನ್ನ ನೋಡ್ಬೇಕಿತ್ತು."

"ಯಾರ್ರೀ ನೀವು? ಇದು ಹೆಂಗಸರ ಪಾರ್ಲರ್."

"ನೀವೇ ಬನ್ನಿ ಅಂದಿದ್ರಲ್ಲ," ಎಂದು ನಗುತ್ತ ತನ್ನ ಫೋನ್ ಮುಂದೆ ಹಿಡಿದ.

ನನ್ನದೇ ಪೇಜ್. ಕಳೆದ ವಾರ ಹಾಕಿದ್ದ, ಗಿರಾಕಿಯೊಬ್ಬರ ಗುಂಗುರು ಕೂದಲಿನ ಫೋಟೊ. ತಮ್ಮ ಮುಖದ ಬದಲು ಹೂವಿನ ಚಿತ್ರ ಇಟ್ಟುಕೊಂಡ ಯಾರೋ ಕೆಳಗೆ ಬರೆದಿದ್ದರು: 'ಅಮ್ಮನಿಗೆ ಕುತ್ತಿಗೆ ನೋವು. ನಿಮ್ಮಲ್ಲಿ ಹುಷಾರಾಗಿ ತಲೆ ತೊಳೆಯುವ ಹುಡುಗಿ ಯಾವಾಗ ಸಿಗುತ್ತಾಳೆ?' ಅದರ ಕೆಳಗೆ ನಾನು: 'ಖಂಡಿತ ಕರ್ಕೊಂಡು ಬನ್ನಿ! ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಇಲ್ಲೇ ಇರ್ತಾಳೆ. ಮಂಗಳವಾರ ಮಾತ್ರ ರಜೆ.' ಜೊತೆಗೊಂದು ನಗುವ ಮುಖ, ಎರಡು ಹೃದಯ.

ಅವನು ಎರಡು ಬೆರಳಲ್ಲಿ ಫೋಟೊ ದೊಡ್ಡದು ಮಾಡಿದ. ಗುಂಗುರು ಕೂದಲು ಪಕ್ಕಕ್ಕೆ ಸರಿಯಿತು. ಅದರಾಚೆ ಕನ್ನಡಿ. ಕನ್ನಡಿಯೊಳಗೆ, ಟವೆಲ್ ಹಿಡಿದು ನಗುತ್ತಿರುವ ಗುಬ್ಬಿ.

ದಿನಾ ಬೆಳಿಗ್ಗೆ ನಾನೇ ಉಜ್ಜಿ ಒರೆಸುವ ಕನ್ನಡಿ! ನೂರಾರು ಫೋಟೊ ಹಾಕಿದವಳು ಕೂದಲು ಬಿಟ್ಟು ಬೇರೇನನ್ನೂ ನೋಡಲಿಲ್ಲವಲ್ಲ, ನನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತೇ?

"ಅವಳು... ಅವಳು ಕೆಲಸ ಬಿಟ್ಟು ಹೋದ್ಲು. ನಿನ್ನೇನೇ."

ಅಷ್ಟರಲ್ಲಿ ಹಿಂದಿನ ಕೋಣೆಯ ನಲ್ಲಿಯ ಸದ್ದು ನಿಂತಿತು. ಗುಬ್ಬಿಗೆ ಅವನ ದನಿ ಕೇಳಿಸಿತ್ತು. ನಲ್ಲಿ ನಿಂತದ್ದು ಅವನಿಗೂ ಕೇಳಿಸಿತು. ನಗು ಹಾಗೆಯೇ ಇತ್ತು, ಕಣ್ಣು ಮಾತ್ರ ಪರದೆಯ ಕಡೆ ತಿರುಗಿತು, ಹಿಂದೆಯೇ ಕಾಲೂ.

ಆಗ ಎದ್ದರು ನೋಡಿ ಟೀಚರ್! ಕಿವಿಯ ಮೇಲೆ ಬಣ್ಣ ಇಳಿಯುತ್ತಿತ್ತು, ಕೊರಳಿಗೆ ಪ್ಲಾಸ್ಟಿಕ್ ಹೊದಿಕೆ. ಪರದೆಗೆ ಬೆನ್ನು ಕೊಟ್ಟು ನಿಂತರು.

"ಎಲ್ಲಿಗಯ್ಯಾ ನುಗ್ತಿದೀಯಾ? ಇಲ್ಲ ಅಂತ ಹೇಳಿದ್ದು ಕಿವಿಗೆ ಬೀಳ್ಲಿಲ್ವಾ?"

"ಪಕ್ಕಕ್ಕೆ ಸರೀರಿ ಅಜ್ಜಿ. ಇದು ಗಂಡ ಹೆಂಡ್ತಿ ವಿಷಯ," ಎಂದು ಅವರ ತೋಳು ಹಿಡಿದು ಎಳೆದ.

ನನಗೆ ಬೇರೇನೂ ತೋಚಲಿಲ್ಲ. ಕೈಗೆ ಸಿಕ್ಕಿದ್ದು ನನ್ನ ಹಾಳು ಫೋನೇ. ಲೈವ್ ಒತ್ತಿ ಅವನ ಮುಖಕ್ಕೇ ಹಿಡಿದೆ. "ನೋಡ್ರೀ ಎಲ್ಲಾ! ಕಟ್ಕೊಂಡ ಹೆಂಡ್ತೀನ ಸುಟ್ಟೋನು ಇವನೇ! ಈಗ ವಯಸ್ಸಾದೋರ ಮೇಲೂ ಕೈ ಮಾಡ್ತಿದಾನೆ, ಸರಿಯಾಗಿ ನೋಡ್ಕೊಳ್ಳಿ!" ಎಂದು ಅರಚಿದೆ. ನೋಡುವವರು ಹದಿನೈದು ಜನ, ಅರವತ್ತು, ಇನ್ನೂರು. ಪಕ್ಕದ ಔಷಧಿ ಅಂಗಡಿಯವನು ಅದನ್ನು ನೋಡಿಯೇ ಓಡಿ ಬಂದ. ಆ ನಯವಂತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಓಟ ಕಿತ್ತ.

ಔಷಧಿ ಅಂಗಡಿಯವನು ಪೊಲೀಸರಿಗೆ ಫೋನ್ ಮಾಡತೊಡಗಿದ. ಟೀಚರ್ ಕುರ್ಚಿಗೆ ಕುಸಿದರು. ಮುಚ್ಚುಮರೆ ಯಾಕೆ, ಒಳಗೊಳಗೇ ಹೆಮ್ಮೆಯಾಗಿತ್ತು. ಪರದೆ ಸರಿಸಿದೆ.

"ಗುಬ್ಬೀ, ಹೋದ ಕಣೇ! ಇಡೀ ಊರೇ ಅವನ ಮುಖ ನೋಡ್ತು!"

ಗುಬ್ಬಿ ಚೀಲ ಹೆಗಲಿಗೇರಿಸಿ ನಿಂತಿದ್ದಳು. ಅಳುತ್ತಿರಲಿಲ್ಲ.

"ಊರು ಈ ಅಂಗಡೀನೂ ನೋಡ್ತಲ್ಲ ಅಕ್ಕಾ. ಅವನ ಅಣ್ಣಂದಿರೂ ನೋಡಿರ್ತಾರೆ."

ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. "ತಪ್ಪಾಯ್ತು ಕಣೇ, ನನ್ನಿಂದಾನೇ ಎಲ್ಲಾ ಆಗಿದ್ದು. ಈಗ ಎಲ್ಲಿಗೆ ಹೋಗ್ತೀಯ? ನಮ್ಮನೆಗೆ ಬಾ," ಎಂದು ಕೈ ಹಿಡಿದುಕೊಂಡೆ.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. "ನೀವು ಒಳ್ಳೆಯೋರು ಅಕ್ಕಾ. ಬೇಜಾರು ಮಾಡ್ಕೋಬೇಡಿ. ಎಲ್ಲಿಗೆ ಹೋಗ್ತೀನಿ ಅಂತ ನಿಮಗೆ ಹೇಳಲ್ಲ."

ಹಿಂದಿನ ಬಾಗಿಲು ತೆಗೆದು ಹೋದಳು. ಗಲ್ಲಿಯ ತುದಿ ದಾಟುವ ಮುಂಚೆ ಕೂಗಿ ಕರೆಯಬೇಕೆಂದು ಬಾಯಿ ತೆರೆದೆ. ಅವಳ ಹೆಸರು ಹಿಡಿದು ಕೂಗುವುದಕ್ಕೂ ನನಗೆ ಹೆದರಿಕೆಯಾಯಿತು.