ಹೊತ್ತೇರಿತೋ ದೊರಿಯೇ

ತುಬಚಿಯಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ ಬೀಗರಿಗೆ ಫೋನು ಹೋಗುವ ಮೊದಲು ಸಿದ್ದಕ್ಕನಿಗೆ ಕರೆ ಹೋಗುತ್ತಿತ್ತು. ಹಾಡಿ ಅಳುವುದರಲ್ಲಿ ಸುತ್ತಿನ ಹಳ್ಳಿಗಳಲ್ಲಿ ಅವಳ ಸಮ ಯಾರೂ ಇರಲಿಲ್ಲ. ಸತ್ತವರ ಪಾದ ಹಿಡಿದು ಕೂತಳೆಂದರೆ, ಆ ಮನುಷ್ಯ ಯಾವ ಬದುವಿಗೆ ಬೇವು ನೆಟ್ಟಿದ್ದ, ಯಾರ ಮಗಳ ಮದುವೆಗೆ ನೀರು ಹೊತ್ತಿದ್ದ, ಯಾರೊಂದಿಗೆ ಮುನಿಸಿಕೊಂಡು ಕಡೆಗೆ ತಾನೇ ಹೋಗಿ ಮಾತಾಡಿಸಿದ್ದ ಎಂಬುದೆಲ್ಲ ಅಳುವಿನೊಳಗೆ ಪದವಾಗಿ ಬರುತ್ತಿತ್ತು. ಬದುಕಿದ್ದಾಗ ಅವನನ್ನು ಬೈದವರೂ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಅವಳ ಗಂಡ ಅಂದಾನೆಪ್ಪ ಬೇಸಿಗೆಯಲ್ಲಿ ಬೀಳಗಿಯ ಕಡೆ ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದವನು, ಬೆಳಿಗ್ಗೆ ಎದ್ದು ಕಂಬಳಿ ಕೊಡವುತ್ತಲೇ ಎದೆ ಹಿಡಿದುಕೊಂಡು ಕುಸಿದ. ಟೆಂಪೋದಲ್ಲಿ ಹೆಣ ಊರಿಗೆ ಬಂತು. ಮಗಳು ಅಂಜನಾ ದೂರದ ಸಾಂಗಲಿಯಲ್ಲಿ ಹಸಿಬಾಣಂತಿ, ಬರುವಂತಿರಲಿಲ್ಲ. "ಅಪ್ಪನ ಮಾರಿಯಾದರೂ ತೋರಸ್ರಿ, ಅವ್ವ ಅಳೂದಾದರೂ ಕೇಳಸ್ರಿ" ಎಂದು ಫೋನಿನಲ್ಲಿ ಗೋಳಾಡಿದಳು. ಸಿದ್ದಕ್ಕನ ಅಣ್ಣ ಗಿರಮಲ್ಲಪ್ಪನ ಮಗ ಮಾಳು ತನ್ನ ಫೋನನ್ನು ಎತ್ತಿ ಹಿಡಿದು ಅಷ್ಟನ್ನೂ ತುಂಬಿಕೊಂಡ. ಸಿದ್ದಕ್ಕನಿಗೆ ಅದರ ಅರಿವೂ ಇರಲಿಲ್ಲ. ಗಂಡನ ತಣ್ಣನೆಯ ಪಾದ ಹಿಡಿದು ಅವಳು ಅಳುತ್ತಿದ್ದಳು:

"ಹೊತ್ತೇರಿತೋ ದೊರಿಯೇ, ಇನ್ಯಾಕ ಮಲಗೀದಿ,
ಕುರಿಯೆಲ್ಲ ನಿಂತಾವೋ ದಾರಿ ನೋಡಿ..."

ಪ್ರತಿ ಸಾಲಿನ ಕೊನೆಗೆ ಉಸಿರು ಕಟ್ಟಿ ಬಿಕ್ಕು ಬರುತ್ತಿತ್ತು.

ಮಾಳುವಿಗೆ ಜಮಖಂಡಿಯಲ್ಲಿ ಮುಧೋಳ ರಸ್ತೆಯ ಮೇಲೆ ಅಂಗಡಿ ಇತ್ತು. ಕಾರುಗಳ ಡಿಕ್ಕಿಯಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಕೂಡಿಸುವುದು, ಗಾಜಿಗೆ ಕರಿ ಹಾಳೆ ಅಂಟಿಸುವುದು, ಕೆಳಗೆ ನೀಲಿ ದೀಪ ಹಾಕುವುದು ಅವನ ಕಸುಬು. ಅಂಗಡಿಯ ಹಿಂದಿನ ಖೋಲಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹಳೆಯ ಪದಗಳಿಗೆ ಹೊಸ ಬಡಿತ ಕೂಡಿಸಿ ಇಂಟರ್ನೆಟ್ಟಿಗೆ ಹಾಕುತ್ತಿದ್ದ. 'ಡಿಜೆ ಮಾಳು' ಎಂದರೆ ಸುತ್ತಲ ತಾಲೂಕುಗಳ ಹುಡುಗರಿಗೆಲ್ಲ ಗೊತ್ತು. ಹೊಸ ಕಾರು ಕೊಂಡವರು ದೇವರಿಗೆ ಕಾಯಿ ಒಡೆಸಿ ನೆಟ್ಟಗೆ ಅವನ ಅಂಗಡಿಗೆ ಬರುತ್ತಿದ್ದರು.

ಕಬ್ಬಿನ ಹಂಗಾಮು ಶುರುವಾದ ಮೇಲೆ ಒಂದು ದಿನ ಸಿದ್ದಕ್ಕ ಬೆಲ್ಲ ತರಲು ಮಹಾಲಿಂಗಪುರಕ್ಕೆ ಹೋಗಿದ್ದಳು. ಬಸ್‌ಸ್ಟ್ಯಾಂಡಿನ ಎದುರು ಒಂದು ಬಿಳಿ ಕಾರು ನಾಲ್ಕೂ ಬಾಗಿಲು ತೆರೆದು ನಿಂತಿತ್ತು. ಧಡಲ್ ಧಡಲ್ ಎಂಬ ಬಡಿತಕ್ಕೆ ಕಾಲಡಿಯ ನೆಲ ನಡುಗುತ್ತಿತ್ತು. ಚಹಾದಂಗಡಿಯ ಗಾಜಿನ ಲೋಟಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಅನ್ನುತ್ತಿದ್ದವು. ಹುಡುಗರು ತೋಳೆತ್ತಿ ಕುಣಿಯುತ್ತಿದ್ದರು. ಆ ಬಡಿತದ ನಡುವೆ ಹೆಣ್ಣುದನಿಯೊಂದು ಬಂತು.

ಹೊತ್ತೇರಿತೋ ದೊರಿಯೇ.

ಮೊದಲು ಅವಳು ತನ್ನ ತಲೆಯೊಳಗೇ ಏನೋ ಆಗಿದೆ ಅಂದುಕೊಂಡಳು. ಗಂಡ ಹೋದಂದಿನಿಂದ ಆ ಸಾಲು ಅವಳನ್ನು ಬಿಟ್ಟಿರಲಿಲ್ಲ. ಆದರೆ ಮತ್ತೆ ಬಂತು, ಸಾಲಿನ ಕೊನೆಯ ಬಿಕ್ಕೂ ಬಂತು. ಆ ಬಿಕ್ಕನ್ನು ಕತ್ತರಿಸಿ, ಹಕ್, ಹಕ್, ಹಕ್ಹಕ್ಹಕ್ ಎಂದು ಮೇಲಿಂದ ಮೇಲೆ ಪೋಣಿಸಿ, ಒಮ್ಮೆಲೇ ಎಲ್ಲ ನಿಲ್ಲಿಸಿ, ಧಡಾರನೆ ಬಡಿತ ಬಿಟ್ಟಿದ್ದರು. ಅಲ್ಲಿಗೆ ಬಂದಾಗ ಹುಡುಗರು ಹೋ ಎಂದು ಕೂಗಿ ಜಿಗಿದರು.

"ತಮ್ಮಾ, ಇದ್ಯಾರ ಹಾಡು?" ಎಂದು ಒಬ್ಬನ ತೋಳು ಹಿಡಿದು ಕೇಳಿದಳು.

"ಡಿಜೆ ಮಾಳುಂದು, ಆಯಿ. ಹುಡುಗಿ ತನ್ನ ಲವ್ವರ್‌ನ ಎಬ್ಬಸ್ತಾಳ. ಬಾಸ್ ಕೇಳ್ರಿ, ಎದಿಗೆ ಬಡೀತೈತಿ!" ಎಂದು ಅವನು ನಕ್ಕ.

ಬೆಲ್ಲ ಕೊಳ್ಳುವುದು ಮರೆತೇಹೋಯಿತು. ಸಿದ್ದಕ್ಕ ಜಮಖಂಡಿಯ ಬಸ್ಸು ಹತ್ತಿದಳು.

ಮಾಳು ಅವಳನ್ನು ಕಂಡವನೇ ಖುರ್ಚಿ ಒರೆಸಿ ಕೊಟ್ಟ. "ಅತ್ತಿ, ಬಾ ಬೇ, ಕೂಡು. ಚಹಾ ಹೇಳ್ತೇನಿ."

"ಚಹಾ ಇರಲಿ. ನನ್ನ ಅಳೂದು ಕಾರಿನಾಗ ಹೆಂಗ ಹೋತೋ ಮಾಳ್ಯಾ?"

ಅವನ ಮುಖದಲ್ಲಿ ನಾಚಿಕೆ ಹುಡುಕಿದಳು. ಅಲ್ಲಿದ್ದುದು ಹುರುಪು. "ಕೇಳಿದ್ಯಾ? ಹೆಂಗೈತಿ? ಸಮೀರವಾಡಿ ಫ್ಯಾಕ್ಟರಿಗೆ ಕಬ್ಬು ಹೊಡಿಯೋ ಟ್ರ್ಯಾಕ್ಟರಿನಾಗೂ ಅದನ್ನ ಹಚ್ಚತಾರ. ನಿನ್ನ ದನಿ ಅಂದ್ರ ದನಿ, ಅತ್ತಿ. ಸ್ಟುಡಿಯೋದಾಗ ಹಾಡವರಿಗೆ ಅಂಥಾ ದರ್ದ ಬರೂದಿಲ್ಲ."

"ನಿಮ್ಮ ಮಾವನ ಹೆಣದ ಮುಂದ ಅತ್ತಿದ್ದೋ ಅದು."

"ಅದು ನನಗೂ ನಿನಗೂ ಗೊತ್ತು. ಮಂದಿಗೆ ಎಲ್ಲಿ ಗೊತ್ತೈತಿ? ಅವರು ಲವ್ ಸಾಂಗ್ ಅಂತ ತಿಳದಾರ."

"ಗೊತ್ತಿಲ್ಲ ಅಂತ ಹೇಳಿ ನನಗ ಸಮಾಧಾನ ಮಾಡಾಕತ್ತಿಯೇನು? ತಗಿ ಅದನ್ನ."

ಮಾಳು ತಲೆ ಕೆರೆದುಕೊಂಡ. ಬನಹಟ್ಟಿಯ ಹತ್ತಿರ ಕಾರುಗಳ ಸೌಂಡ್ ಸ್ಪರ್ಧೆ ಇದೆ, ಅದು ಮುಗಿಯಲಿ, ಆಮೇಲೆ ತೆಗೆಯುತ್ತೇನೆ ಅಂದ. ಅವಳು ಮನೆದೇವರು ಬೀರಪ್ಪನ ಆಣೆ ಮಾಡಿಸಿಕೊಂಡಳು. ಅವನು ನಗುನಗುತ್ತಲೇ ಮಾಡಿದ.

ಊರಿಗೆ ಬಂದು ಅಣ್ಣನ ಮುಂದೆ ಹೇಳಿಕೊಂಡಳು. ಗಿರಮಲ್ಲಪ್ಪ ತಂಗಿಯನ್ನು ಕಣ್ಣಿನ ಗೊಂಬೆಯಂತೆ ಸಾಕಿದವನು. ಅಂದಾನೆಪ್ಪ ಹೋದಾಗ ಮೂರೂ ಹೊತ್ತು ಅವನೇ ಎದುರಿಗೆ ಕೂತು ಅವಳಿಗೆ ಉಣ್ಣಿಸಿದ್ದ. ಆದರೆ ಮಗನ ವಿಷಯ ಬಂದರೆ ಅವನ ಮಾತಿನ ಧಾಟಿಯೇ ಬೇರೆ.

"ಅಷ್ಟ್ಯಾಕ ಮನಸಿಗೆ ಹಚ್ಕೋತಿ, ಸಿದ್ದಿ? ಹುಡುಗನ ಹೆಸರು ಆಗಾಕತ್ತೈತಿ. ನೀ ಅತ್ತಿದ್ದನ್ನ ಊರೆಲ್ಲ ಕೇಳಿತ್ತು, ಈಗ ನಾಕ ಊರು ಕೇಳತಾವ. ಸ್ಪರ್ಧಾಕ್ಕ ನೀನೂ ಬಾ. ಎಲ್ಲಾರ ಮುಂದ ನಿನ್ನ ಮಾತು ಹೇಳು, ಅಲ್ಲೇ ತಗಸ್ತೇನಿ."

ಆ ಮಾತು ನಂಬಿ ಅವಳು ಹೋದಳು. ಅಣ್ಣ ಮಗನ ಹೊಸ ಕಾರಿನ ಮುಂದಿನ ಸೀಟಿನಲ್ಲಿ ರುಮಾಲು ಸುತ್ತಿಕೊಂಡು ಕೂತಿದ್ದ. ಬೀದಿಯ ಜನ ನೋಡಲೆಂದು ಗಾಜು ಇಳಿಸಿದ್ದ.

ಬನಹಟ್ಟಿಯ ಹೊರಗೆ ಕಬ್ಬು ಕಡಿದ ಬಯಲಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ನೆಲಕ್ಕೆ ಹೊಟ್ಟೆ ತಾಗುವಷ್ಟು ಇಳಿಸಿದವು, ಬಾಗಿಲು ರೆಕ್ಕೆಯಂತೆ ಮೇಲೇಳುವವು, ಡಿಕ್ಕಿ ತುಂಬ ಬರೀ ಸ್ಪೀಕರುಗಳೇ ಇರುವವು. ಹತ್ತಿರದ ಗಲ್ಲಿಗಳಿಂದ ನೇಕಾರರ ಹುಡುಗರು ಮಗ್ಗ ನಿಲ್ಲಿಸಿ ಬಂದಿದ್ದರು. ಒಂದು ಕಾರು ಅವಳ ಹಾಡು ನಿಲ್ಲಿಸಿದರೆ ಇನ್ನೊಂದು ಅದನ್ನೇ ಎತ್ತಿಕೊಳ್ಳುತ್ತಿತ್ತು. ಆ ಮಧ್ಯಾಹ್ನವೆಲ್ಲ ಸಿದ್ದಕ್ಕನ ಗಂಡ ಸಾಯುತ್ತಲೇ ಇದ್ದ.

ವೇದಿಕೆಗೆ ಕರೆದು ಶಾಲು ಹೊದಿಸಿದರು. ಮೈಕು ಹಿಡಿದ ಹುಡುಗ, "ಇವರೇ ನೋಡ್ರಿ, ಹೊತ್ತೇರಿತೋ ದೊರಿಯೇ ಖ್ಯಾತಿಯ ಸಿದ್ದಕ್ಕ! ಆಯಿ, ಹುಡುಗೂರ ಸಲುವಾಗಿ ಎರಡು ಸಾಲು!" ಎಂದು ಮೈಕನ್ನು ಅವಳ ಬಾಯಿಗೆ ತಂದ.

ಸಿದ್ದಕ್ಕ ಅಣ್ಣನ ಕಡೆ ನೋಡಿದಳು. ಅವನು 'ಹೇಳು' ಎಂಬಂತೆ ಕೈ ಮಾಡಿದ.

"ಇದು ಹಾಡಲ್ಲ, ತಮ್ಮಾ," ಅಂದಳು. ದನಿ ಬಯಲ ತುಂಬ ಹರಡಿತು. "ನನ್ನ ಗಂಡ ಸತ್ತಾಗ ಅತ್ತಿದ್ದು. ನಿಮ್ಮ ಮನ್ಯಾಗೂ ಹಿರ್ಯಾರ ಇರತಾರ. ಕೈ ಮುಗೀತೇನಿ, ಇದನ್ನ ಹಚ್ಚಬ್ಯಾಡ್ರಿ."

ಮುಂದಿದ್ದ ಒಬ್ಬ ಹುಡುಗ ತಲೆ ತಗ್ಗಿಸಿದ್ದನ್ನು ಅವಳು ಕಂಡಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಮೈಕಿನ ಹುಡುಗ, "ಏನ್ ಫೀಲಿಂಗ್ ಐತಿ ನೋಡ್ರಪಾ! ಚಪ್ಪಾಳಿ ಬರ್ಲಿ!" ಅಂದ. ಚಪ್ಪಾಳೆಯ ಬೆನ್ನಿಗೇ ಮೂಲೆಯ ಕಾರೊಂದು ಅದೇ ಹಾಡು ಎತ್ತಿತು. ಗಿರಮಲ್ಲಪ್ಪ ಜನರ ನಡುವೆ ನಿಂತು ತಾನೂ ಚಪ್ಪಾಳೆ ತಟ್ಟುತ್ತಿದ್ದ. ಅವನಿಗೆ ತಂಗಿಯ ಮಾತು ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದನೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಮಾಳು ಆಣೆಗೆ ತಪ್ಪಲಿಲ್ಲ. ತನ್ನ ಹಾಡು ತೆಗೆದ. ಆದರೆ ವಾರ ಕಳೆಯುವುದರೊಳಗೆ ಅವನೇ ಬುಸುಗುಡುತ್ತ ಅತ್ತೆಯ ಮನೆಗೆ ಬಂದ. ರಬಕವಿಯ ಅಮಿತ ಎಂಬುವನು ಅದನ್ನು ಎತ್ತಿಕೊಂಡು ಹೊಸದಾಗಿ ಮಾಡಿದ್ದನಂತೆ.

"ನನ್ನ ಹಾಡು ಕದ್ದಾನ, ಅತ್ತಿ! ಮೈ ಮುರದು ಮಾಡಿದ್ದು ನಾನು, ಹೆಸರು ಅವಂದು!"

ಫೋನು ಹಚ್ಚಿ ತೋರಿಸಿದ. ಮೊದಲಿಗೆ ಬಡಿತವಿಲ್ಲದೆ ಅವಳ ಬರಿಯ ದನಿ: "ಇದು ಹಾಡಲ್ಲ, ತಮ್ಮಾ." ಆಮೇಲೆ "ಸತ್ತಾಗ, ಸತ್ತಾಗ, ಸತ್ತಾಗ." ಆಮೇಲೆ ಧಡಾರ್.

ಸಿದ್ದಕ್ಕ ಕೇಳಿಸಿಕೊಂಡು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು. "ಕದ್ದರ ಎಷ್ಟು ಉರೀತೈತಿ ಅಂತ ಈಗರ ಗೊತ್ತಾತಿಲ್ಲೋ?" ಅಂದಳು. ಮಾಳು ಅದು ಅಮಿತನ ಮೇಲಿನ ಸಿಟ್ಟಿಗೆ ಅಂದ ಮಾತೆಂದು ತಿಳಿದು "ಹೌದ ನೋಡು" ಎಂದು ತಲೆಯಾಡಿಸಿದ.

ಯುಗಾದಿ ಹತ್ತಿರ ಬಂದಿತ್ತು. ಗಿರಮಲ್ಲಪ್ಪ ಹೊಳೆಯ ದಂಡೆಯ ಹೊಲಕ್ಕೆ ನೀರು ಹಾಯಿಸಲು ಹೋದಾಗ ಹಾವು ಕಡಿಯಿತು. ಜಮಖಂಡಿಯ ದವಾಖಾನೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಕಟ್ಟೆಯ ಮೇಲೆ ಹೆಣ ಕೂಡಿಸಿ, ಹಣೆಗೆ ಭಂಡಾರ ಹಚ್ಚಿದರು. ಹೆಂಗಸರು ಸುತ್ತ ಕೂತು, ಸಿದ್ದಕ್ಕನಿಗೆ ಪಾದದ ಹತ್ತಿರ ಜಾಗ ಬಿಟ್ಟರು. ಎಲ್ಲರೂ ಅವಳ ಮೊದಲ ಸಾಲಿಗೆ ಕಾಯುತ್ತಿದ್ದರು.

ಅವಳು ಅಣ್ಣನ ಪಾದ ಹಿಡಿದಳು. ಹೇಳುವುದು ಬೆಟ್ಟದಷ್ಟಿತ್ತು. ಹೆಗಲ ಮೇಲೆ ಕೂಡಿಸಿಕೊಂಡು ಹೊಳೆ ದಾಟಿಸಿದ್ದು, ಅವಳ ಮದುವೆಯ ದಿನ ಕೊಟ್ಟಿಗೆಯಲ್ಲಿ ಅಡಗಿ ಅತ್ತಿದ್ದು, ತನ್ನ ಕೈಯಿಂದ ತುತ್ತು ಉಣ್ಣಿಸಿದ್ದು. ಬಾಯಿ ತೆರೆದಳು. "ನನ್ನ ಹಡದಪ್ಪನಂಥ ಅಣ್ಣಾ" ಎಂದು ರಾಗ ಎತ್ತಿದಳು, ಅಷ್ಟಕ್ಕೇ ಅವಳ ಕಿವಿಯೊಳಗೆ ಧಡಲ್ ಎಂದಿತು. ಬಿಕ್ಕು ಬಂತು; ಬಿಕ್ಕಿನ ಬೆನ್ನಿಗೆ ಹುಡುಗರ ಹೋ ಎಂಬ ಕೂಗು. ಅಂಗಳದಲ್ಲಿ ಯಾರೂ ಕೂಗಿರಲಿಲ್ಲ. ಮತ್ತೊಮ್ಮೆ ಯತ್ನಿಸಿದಳು. ಮತ್ತೆ ಅದೇ ಧಡಲ್. ಬಾಯಿ ಮುಚ್ಚಿಕೊಂಡಳು.

ಮಾಳು ಬಂದು ಅವಳ ಮೊಣಕಾಲಿಗೆ ತಲೆ ಒತ್ತಿದ. ಅವನ ಕಣ್ಣು ಬಾತಿದ್ದವು. "ಅತ್ತಿ, ಅಳಬೇ. ಅಪ್ಪಗ ಹಾಡಿ ಅಳವ್ರು ನಿನ್ನ ಬಿಟ್ಟರ ಯಾರದಾರ? ಸುಮ್ನ ಕಳಸಬ್ಯಾಡ ಅವಗ."

"ಬರವಲ್ದೋ, ಮಾಳು."

"ಖರೇನ ಹೇಳು. ನನ್ನ ಮ್ಯಾಲಿನ ಸಿಟ್ಟು ಅಪ್ಪನ ಮ್ಯಾಲ ತೀರಿಸ್ಕೊಳ್ಳಾಕತ್ತೀದಿ."

"ಇಲ್ಲೋ ಕೂಸ. ದೇವರಾಣಿ, ಬರವಲ್ದು."

ಅವನು ನಂಬಲಿಲ್ಲ. ಅಂಗಳದಲ್ಲಿ ಯಾರೂ ನಂಬಲಿಲ್ಲ. ಗಿರಮಲ್ಲಪ್ಪನ ಹೆಂಡತಿ ಶ್ರೀದೇವಿ ತಲೆ ಎತ್ತಿ, "ಗಂಡಗ ಅತ್ತಿ. ಊರಾಗಿನ ಕಂಡಕಂಡವರಿಗೆ ಅತ್ತಿ. ನಿನ್ನ ಸಾಕಿದಾಂವಗ ಒಂದು ಹನಿ ಇಲ್ಲೇನ ಸಿದ್ದಕ್ಕ?" ಅಂದಳು.

ಸಿದ್ದಕ್ಕ "ವೈನಿ" ಎಂದು ಕೈ ಚಾಚಿದಳು. ಶ್ರೀದೇವಿ ಮುಖ ತಿರುಗಿಸಿದಳು. ಕಡೆಗೆ ಮಾಳುವಿನ ಹೆಂಡತಿ ವೈಶಾಲಿ, ಹಾಡಿ ಅಳುವುದು ಗೊತ್ತಿಲ್ಲದ ಹುಡುಗಿ, "ಮಾವಾ, ಮಾವಾ" ಎಂದಷ್ಟೇ ಅರಚಿದಳು. ಆ ಅರಚಾಟದಲ್ಲೇ ಗಿರಮಲ್ಲಪ್ಪನನ್ನು ಎತ್ತಿಕೊಂಡು ಹೋದರು. ಅವನು ಹೊಳೆ ದಾಟಿಸಿದ್ದನ್ನಾಗಲೀ, ಕೊಟ್ಟಿಗೆಯಲ್ಲಿ ಅತ್ತಿದ್ದನ್ನಾಗಲೀ ಊರಿಗೆ ಹೇಳುವವರಿರಲಿಲ್ಲ.

ಈಗ ತುಬಚಿಯಲ್ಲಿ ಸಾವಾದರೆ ಸಿದ್ದಕ್ಕನಿಗೆ ಯಾರೂ ಹೇಳಿಕಳಿಸುವುದಿಲ್ಲ. ಸ್ಟೇಜಿನ ಮೇಲೆ ಶಾಲು ಹೊದ್ದವಳು ಪುಕ್ಕಟೆ ಅಳುತ್ತಾಳೆಯೇ ಎಂದು ನೀರಿನ ನಳದ ಹತ್ತಿರ ಮಾತಾಡಿಕೊಳ್ಳುತ್ತಾರೆ. ಅದು ಅವಳ ಕಿವಿಗೂ ಬಿದ್ದಿದೆ. ಅವಳು ಕೊಡ ತುಂಬಿಸಿ, ಸಿಂಬೆ ಸರಿಮಾಡಿಕೊಂಡು, ಮನೆಯ ದಾರಿ ಹಿಡಿಯುತ್ತಾಳೆ.